ಪೇಢಿಗೊಂದು ದವಂಡಿ

ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಟವೆಲ್ಲುಗಳನ್ನು ನೇಯಿಸಿ ಮಾರುವ ಒಂದು ಪೇಢಿಯಿದೆ. ಅದರ ಒಡೆಯರು ಮನೆಯಲ್ಲಿ ತೆಲುಗು ಮಾತನಾಡುತ್ತಾರೆ. ಗಾದಿಯ ಮೇಲೆ ಕುಳಿತರೆ ಮರಾಠಿ. ಇಂಡಿ, ಸಿಂದಗಿ, ಆಳಂದಗಳ ಗಿರಾಕಿಗಳು ಬಂದರೆ ಕನ್ನಡ. ಸೊಲ್ಲಾಪುರದ ಮಟ್ಟಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಇದೇ ಪೇಢಿಯಲ್ಲಿ ಅಕ್ಕಲಕೋಟೆ ತಾಲ್ಲೂಕಿನ ಒಂದು ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬಂದುಹೋಗುವ ಹುಡುಗಿಯೊಬ್ಬಳು ಕೆಲಸಕ್ಕಿದ್ದಾಳೆ. ಬಿ.ಎ. ಪದವಿಯಲ್ಲಿ ಅವಳ ಐಚ್ಛಿಕ ವಿಷಯ ಕನ್ನಡ. ಪಾವತಿ ಪುಸ್ತಕ ಬರೆಯಲೆಂದು ಸೇರಿದವಳು. ಟೈಪಿಂಗ್ ಬರುತ್ತದೆ, ಮೂರು ಲಿಪಿಗಳನ್ನು ತಡವರಿಸದೆ ಓದುತ್ತಾಳೆ ಎಂಬ ಕಾರಣಕ್ಕೆ ಕಂಪ್ಯೂಟರಿನ ಮುಂದಿನ ಕುರ್ಚಿ ಅವಳ ಪಾಲಿಗೆ ಬಂದಿತು.

ಪೇಢಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು 'ತಾಯಿ' ಎಂದು. ಮರಾಠಿಯಲ್ಲಿ ಅಕ್ಕನಿಗೆ ತಾಯಿ, ಕನ್ನಡದಲ್ಲಿ ಹೆತ್ತವಳಿಗೆ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ, ಇದೇ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ ಹೆಸರಿನಲ್ಲಿರುವ 'ತಾಯಿ'ಯನ್ನೂ ಎರಡೂ ಭಾಷೆಗಳಲ್ಲಿ ಓದಿಕೊಳ್ಳಬಹುದು. ಗಡಿಯ ಊರುಗಳಲ್ಲಿ ಒಂದೇ ಪದಕ್ಕೆ ಎರಡು ಬಾಗಿಲುಗಳಿರುವುದು ಹೀಗೆ. ಯಾವ ಬಾಗಿಲಿನಿಂದ ಕರೆದರು ಎಂಬುದು ಕರೆದವರ ದನಿಯಿಂದಲೇ ಗೊತ್ತಾಗುತ್ತದೆ.

ಹೋದ ವರ್ಷ ದೀಪಾವಳಿಯ ಲಕ್ಷ್ಮೀಪೂಜೆ ಮುಗಿದ ಮರುವಾರ ಒಡೆಯರು ಅವಳಿಗೊಂದು ಹೊಸ ಕೆಲಸ ಹಚ್ಚಿದರು. ಗಿರಾಕಿಗಳ ವಿಚಾರಣೆಗಳು ಪೇಢಿಗೆ ನಾಲ್ಕಾರು ದಾರಿಗಳಲ್ಲಿ ಬರುತ್ತಿದ್ದವು. ಫೋನು, ವಾಟ್ಸಾಪ್, ಜಾಲತಾಣದ ಅರ್ಜಿ, ಊರೂರು ತಿರುಗುವ ಮಾರಾಟದ ಹುಡುಗರ ಜೇಬಿನ ಚೀಟಿ. ಇವೆಲ್ಲವನ್ನೂ ಒಂದೆಡೆ ಕೂಡಿಸಲು ಎರಡು ವರ್ಷಗಳ ಹಿಂದೆಯೇ ಝೋಹೋ ಸಿಆರ್‌ಎಂ ಎಂಬ ಗಿರಾಕಿ ನಿರ್ವಹಣೆಯ ತಂತ್ರಾಂಶವನ್ನು ತರಿಸಲಾಗಿತ್ತು. ಸಿಆರ್‌ಎಂ ಎಂದರೆ ಹಳೆಯ ಖತಾವಣಿಯ ಮೊಮ್ಮಗಳು ಎನ್ನಬಹುದು. ಖತಾವಣಿಯಲ್ಲಿ ಒಬ್ಬ ಗಿರಾಕಿಗೆ ಒಂದು ಪುಟ, ಆ ಪುಟದಲ್ಲಿ ಅವನ ಉದ್ರಿ ಮತ್ತು ಜಮೆ. ಇಲ್ಲಿ ಅವುಗಳ ಜೊತೆಗೆ ಅವನು ಏನು ಕೇಳಿದ, ಯಾರು ಉತ್ತರಿಸಿದರು, ಮಾತು ಎಲ್ಲಿಗೆ ನಿಂತಿತು ಎಂಬುದೂ ದಾಖಲಾಗುತ್ತದೆ. ಆದರೆ ದಾಖಲಾದುದನ್ನು ನೋಡುವವರು ಯಾರು? ಮಾರಾಟದವರು ಪಾಠದ ಪುಸ್ತಕ ತೆರೆಯಲೊಲ್ಲದ ಮಕ್ಕಳಂತೆ ಆ ತಂತ್ರಾಂಶವನ್ನು ತೆರೆಯುತ್ತಲೇ ಇರಲಿಲ್ಲ. ಅವರ ಹರಟೆ, ಜಗಳ, ರಜೆಯ ವಿನಂತಿ ಎಲ್ಲವೂ ನಡೆಯುತ್ತಿದ್ದುದು ಸ್ಲ್ಯಾಕ್ ಎಂಬ ತಂಡದ ಮಾತುಕತೆಯ ಆ್ಯಪಿನಲ್ಲಿ. ರಫ್ತಿನ ವ್ಯವಹಾರ ನೋಡುವ ಪುಣೆಯ ದಲ್ಲಾಳಿಗಳು ಅದನ್ನೇ ಬಳಸುತ್ತಿದ್ದರು. ಅವರೊಡನೆ ಸುಲಭವಾಗಲೆಂದು ಪೇಢಿಯೂ ಅದಕ್ಕೆ ಸೇರಿಕೊಂಡಿತ್ತು. ಝೋಹೋದ್ದೇ ಆದ ಕ್ಲಿಕ್ ಎಂಬ ಮಾತುಕತೆಯ ಆ್ಯಪ್ ಇದೆಯಲ್ಲ ಎಂದು ಒಬ್ಬರು ಹೇಳಿದರಂತೆ. ರೂಢಿಯಾದ ಕಟ್ಟೆಯನ್ನು ಬಿಟ್ಟು ಹೊಸ ಕಟ್ಟೆಗೆ ಜನ ಬಂದು ಕೂಡುವುದಿಲ್ಲವೆಂದು ಆ ಮಾತು ಅಲ್ಲಿಗೇ ನಿಂತಿತು.

"ದಾಖಲೆಯಾದದ್ದು ತಾನಾಗಿಯೇ ಸ್ಲ್ಯಾಕಿನಲ್ಲಿ ಬಂದು ಹೇಳಬೇಕು, ಅಷ್ಟು ಮಾಡು ತಾಯಿ" ಎಂದರು ಒಡೆಯರು.

ಈ ಎರಡು ಮನೆಗಳ ವಂಶಾವಳಿ ಸ್ವಾರಸ್ಯಕರವಾಗಿದೆ. ಝೋಹೋ ಹುಟ್ಟಿದ್ದು 1996ರಲ್ಲಿ, ಅಡ್ವೆಂಟ್‌ನೆಟ್ ಎಂಬ ಹೆಸರಿನಿಂದ. ಅದರ ಮುಖ್ಯ ಕಚೇರಿ ಚೆನ್ನೈಯಲ್ಲಿ, ದೊಡ್ಡದೊಂದು ಶಾಖೆ ತೆಂಕಾಸಿಯ ಬಳಿಯ ಹಳ್ಳಿಯಲ್ಲಿ. ಸ್ಲ್ಯಾಕ್ ಹುಟ್ಟಿದ್ದು ಒಂದು ಸೋಲಿನಿಂದ. ಗ್ಲಿಚ್ ಎಂಬ ಗಣಕದಾಟವನ್ನು ಕಟ್ಟುತ್ತಿದ್ದ ತಂಡ ತಮ್ಮತಮ್ಮಲ್ಲಿ ಮಾತನಾಡಿಕೊಳ್ಳಲು ಒಂದು ಸಾಧನವನ್ನು ಮಾಡಿಕೊಂಡಿತ್ತು. 2012ರಲ್ಲಿ ಆಟ ಮುಚ್ಚಿಹೋಯಿತು, ಮಾತಿನ ಸಾಧನ ಉಳಿಯಿತು. 2014ರಲ್ಲಿ ಅದೇ ಸ್ಲ್ಯಾಕ್ ಎಂದು ಮಾರುಕಟ್ಟೆಗೆ ಬಂದಿತು. 2021ರಲ್ಲಿ ಅದನ್ನು ಕೊಂಡದ್ದು ಗಿರಾಕಿ ನಿರ್ವಹಣೆಯ ತಂತ್ರಾಂಶಕ್ಕೇ ಹೆಸರಾದ ಸೇಲ್ಸ್‌ಫೋರ್ಸ್. ಗಿರಾಕಿಗಳ ಲೆಕ್ಕ ಒಂದು ಮನೆಯಲ್ಲಿ, ಕೆಲಸಗಾರರ ಮಾತು ಇನ್ನೊಂದು ಮನೆಯಲ್ಲಿ ಇರುವ ತೊಂದರೆ ಸೊಲ್ಲಾಪುರದ ಪೇಢಿಗೆ ಮಾತ್ರ ಬಂದುದಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಎರಡು ಮನೆಗಳ ನಡುವೆ ಸುದ್ದಿ ಒಯ್ಯುವ ವ್ಯವಸ್ಥೆಗೆ ವೆಬ್‌ಹುಕ್ ಎಂಬ ಹೆಸರಿದೆ. ಜೆಫ್ ಲಿಂಡ್ಸೆ ಎಂಬ ತಂತ್ರಜ್ಞ 2007ರಲ್ಲಿ ಈ ಪದವನ್ನು ಚಲಾವಣೆಗೆ ತಂದರು. ಅದನ್ನು ಆ ಹುಡುಗಿ ಒಡೆಯರಿಗೆ ಬಿಡಿಸಿ ಹೇಳಿದ ರೀತಿಯನ್ನು ಇಲ್ಲಿ ದಾಖಲಿಸುವುದು ಉಚಿತ, ಏಕೆಂದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಇಷ್ಟು ನೇರವಾಗಿ ಸಿಗುವುದಿಲ್ಲ. ಕಾಲುವೆಯ ನೀರಿನ ಪಾಳಿ ಯಾವಾಗ ಬರುವುದೆಂದು ರೈತ ತಾಸಿಗೊಮ್ಮೆ ಹೋಗಿ ಕಾಲುವೆಯನ್ನು ಇಣುಕಿ ನೋಡುವುದು ಒಂದು ಬಗೆ. ಪಾಳಿ ಬಂದ ಕೂಡಲೇ ಪಾಟಕರಿ ಹೊಲದ ಬದುವಿಗೆ ಬಂದು "ನೀರು ಬಿಟ್ಟದ" ಎಂದು ಕೂಗುವುದು ಇನ್ನೊಂದು ಬಗೆ. ವೆಬ್‌ಹುಕ್ ಎರಡನೆಯದು. ಕೂಗಬೇಕಾದರೆ ಪಾಟಕರಿಗೆ ಮೂರು ಸಂಗತಿಗಳು ಗೊತ್ತಿರಬೇಕು: ಯಾವ ಹೊಲಕ್ಕೆ ಹೋಗಬೇಕು, ಯಾವಾಗ ಹೋಗಬೇಕು, ಹೋಗಿ ಏನನ್ನಬೇಕು.

ಮೊದಲನೆಯದು ಸ್ಲ್ಯಾಕಿನ ಕಡೆಯ ಕೆಲಸ. ಅಲ್ಲಿ ಪೇಢಿಯ ಹೆಸರಿನಲ್ಲೊಂದು ಚಿಕ್ಕ ಆ್ಯಪನ್ನು ಹುಟ್ಟುಹಾಕಿ, ಒಳಬರುವ ವೆಬ್‌ಹುಕ್ಕಿಗೆ ಅನುಮತಿ ಕೊಟ್ಟು, ಯಾವ ಚಾನೆಲ್ಲಿಗೆ ಸುದ್ದಿ ಬರಬೇಕೆಂದು ಆರಿಸಿದರೆ ಒಂದು ಉದ್ದನೆಯ ವಿಳಾಸ ದೊರೆಯುತ್ತದೆ. ಆ ವಿಳಾಸಕ್ಕೆ ಜೇಸನ್ ಎಂಬ ಕಟ್ಟಿನಲ್ಲಿ ಮಾತನ್ನು ಕಳಿಸಿದರೆ ಅದು ಆ ಚಾನೆಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಈ ವಿಳಾಸ ಗುಟ್ಟಾಗಿರಬೇಕು. ಅದು ಯಾರ ಕೈಗೆ ಸಿಕ್ಕರೂ ಅವರು ಪೇಢಿಯ ಹೆಸರಿನಲ್ಲಿ ಮಾತನಾಡಬಲ್ಲರು. ಅವಳಿಗೆ ಇದು ಗೊತ್ತಿದ್ದೂ ಮರೆಯಬಾರದೆಂದು ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿದ್ದಳು. ಮೂರನೆಯ ದಿನ ಮಧ್ಯಾಹ್ನ ಚಾನೆಲ್ಲಿನಲ್ಲಿ ಯಂತ್ರದ ಹೆಸರಿನಲ್ಲಿ "ಚಹಾ ಬಂದಿದೆ" ಎಂಬ ಅಧಿಕೃತ ಪ್ರಕಟಣೆ ಬಂದಿತು. ಕೆಲಸ ಕಲಿಯಲು ಬಂದಿದ್ದ ಹುಡುಗನ ಕಿತಾಪತಿ. ನಗೆಯೆಲ್ಲ ಮುಗಿದ ಮೇಲೆ ಅವಳು ಹಳೆಯ ವಿಳಾಸವನ್ನು ರದ್ದುಮಾಡಿ ಹೊಸದನ್ನು ಪಡೆದಳು, ಚೀಟಿಯನ್ನು ಹರಿದುಹಾಕಿದಳು.

ಎರಡನೆಯದು ಝೋಹೋದ ಕಡೆಯ ಕೆಲಸ. ಅಲ್ಲಿ ಕಾರ್ಯಹರಿವಿನ ನಿಯಮಗಳೆಂದು ಬರೆಯಬೇಕು: ಯಾವ ಬಗೆಯ ದಾಖಲೆ, ಅದು ಹುಟ್ಟಿದಾಗಲೋ ತಿದ್ದಿದಾಗಲೋ, ಯಾವ ಷರತ್ತು ಕೂಡಿದಾಗ, ಏನು ಮಾಡಬೇಕು. ಅವಳು ಹುರುಪಿನಲ್ಲಿ ಷರತ್ತಿನ ಖಾನೆಯನ್ನು ಬರಿದಾಗಿಯೇ ಬಿಟ್ಟಳು. ಹೊಸ ಗಿರಾಕಿ ಬಂದರೂ ಸುದ್ದಿ, ಹಳೆಯ ಗಿರಾಕಿಯ ಪುಟದಲ್ಲಿ ಒಂದಕ್ಷರ ಬದಲಾದರೂ ಸುದ್ದಿ. ಏನೂ ತಪ್ಪಿಹೋಗಬಾರದು ಎಂಬ ಕಾಳಜಿ. ಇದೇ ವಾರ ಇಬ್ಬರು ಹುಡುಗರು ಕುಳಿತು ಹಳೆಯ ಯಾದಿಯ ಫೋನ್ ಸಂಖ್ಯೆಗಳನ್ನು ತಿದ್ದತೊಡಗಿದ್ದರು. ಒಂದೊಂದು ತಿದ್ದುಪಡಿಗೂ ಒಂದೊಂದು ಗಂಟೆ. ಎಲ್ಲರ ಮೊಬೈಲುಗಳೂ ಹಿಡಿದು ಬಿಡದ ಬಿಕ್ಕಳಿಕೆಯಂತೆ ಸದ್ದು ಮಾಡಿದವು. "ಗಿರಾಕಿಯ ದಾಖಲೆ ತಿದ್ದಲಾಗಿದೆ", "ಗಿರಾಕಿಯ ದಾಖಲೆ ತಿದ್ದಲಾಗಿದೆ". ಇಂಗ್ಲಿಷಿನಲ್ಲಿ ಬರುತ್ತಿದ್ದ ಈ ಒಂದೇ ವಾಕ್ಯ ಒಂದು ಮಧ್ಯಾಹ್ನದಲ್ಲಿ ನೂರಾರು ಸಲ. ಸ್ಲ್ಯಾಕಿನಲ್ಲಿ ಚಾನೆಲ್ಲಿನ ಬಾಯಿ ಮುಚ್ಚಿಸುವ ಸೌಕರ್ಯವೂ ಇದೆ. ಒಬ್ಬೊಬ್ಬರಾಗಿ ಎಲ್ಲರೂ ಅದನ್ನು ಬಳಸಿಕೊಂಡರು.

ಆ ಹಳ್ಳಿಗಳಲ್ಲಿ ಡಂಗುರಕ್ಕೆ ಮರಾಠಿಯ ದವಂಡಿ ಎಂಬ ಹೆಸರೇ ಹೆಚ್ಚು ರೂಢಿ. ಹುಡುಗಿಯ ಅಜ್ಜಿಗೆ ದವಂಡಿಯ ಕಾಲ ಚೆನ್ನಾಗಿ ನೆನಪಿದೆ. ಹಲಗೆ ಬಡಿಯುವವನು ಅಗಸಿಯಲ್ಲೊಮ್ಮೆ, ಚಾವಡಿಯ ಮುಂದೊಮ್ಮೆ, ಬಾವಿಯ ಕಟ್ಟೆಯ ಬಳಿಯೊಮ್ಮೆ ನಿಲ್ಲುತ್ತಿದ್ದ. ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳುತ್ತಿದ್ದ. ಸಾವಾದ ಮನೆಯ ಮುಂದೆ ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಸದ್ದಿಲ್ಲದೆ ದಾಟುತ್ತಿದ್ದ. ಅವನು ಬಂದನೆಂದರೆ ಊರು ಕೆಲಸ ಬಿಟ್ಟು ಕೇಳುತ್ತಿತ್ತು, ಏಕೆಂದರೆ ಅವನು ದಿನವೂ ಬರುತ್ತಿರಲಿಲ್ಲ. ಮೊಮ್ಮಗಳು ರಾತ್ರಿ ಊಟಕ್ಕೆ ಕುಳಿತಾಗ ತನ್ನ ಮೊಬೈಲಿನ ಕಾಟವನ್ನು ಹೇಳಿಕೊಂಡಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಆಡು ಈದರೂ ಡಂಗುರ ಸಾರಿದ್ರ ಯಾರ ಕೇಳ್ತಾರವಾ?"

ಈ ಮಾತು ಅವಳಿಗೆ ನಾಟಿತಾದರೂ ನಿಯಮವನ್ನು ತಿದ್ದಲು ಬಿಡುವಾಗಲಿಲ್ಲ. ತುಳಸಿ ಲಗ್ನ ಮುಗಿದಿತ್ತು. ಮದುವೆಗಳ ಕಾಲ ಸುರುವಾಗಿ ಆಯೇರಿಯ ಟವೆಲ್ಲುಗಳಿಗೆ ಬೇಡಿಕೆ ಏರುತ್ತಿತ್ತು.

ಹಾಗಿರುವಾಗ ಇಂಡಿಯ ಒಬ್ಬ ಹಳೆಯ ಬಟ್ಟೆ ವ್ಯಾಪಾರಿಯಿಂದ ಫೋನು ಬಂದಿತು. ಮೂರು ತಲೆಮಾರುಗಳ ಗಿರಾಕಿ. ಒಡೆಯರ ತಂದೆ ಇವರ ತಂದೆಗೆ ಕನ್ನಡದಲ್ಲಿ ಕಾರ್ಡು ಬರೆಯುತ್ತಿದ್ದರಂತೆ. ಹಿರಿಯರು ಸಿಟ್ಟಿನಲ್ಲಿರಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು ಎಂದು ಅವಳು ಆಮೇಲೆ ಹೇಳಿಕೊಂಡಳು.

"ತಂಗಿ, ಹನ್ನೊಂದ ದಿನಾ ಆತು ನಾ ಹೇಳಿ. ಕೆಂಪು ಮಾಲು ಬಣ್ಣ ಬಿಡಾಕತ್ತೈತಿ. ಬೀಗರ ಧೋತರಕ್ಕೆಲ್ಲ ಹತ್ತೇತಿ. ನಮ್ಮ ಪತ್ತಾ ಮರತೀರೇನು?"

ಅವಳು ಅವರ ಪುಟವನ್ನು ತೆರೆದು ನೋಡಿದಳು. ಹನ್ನೊಂದು ದಿನಗಳ ಹಿಂದೆ ಫೋನೆತ್ತಿದ್ದ ಹುಡುಗ ಅವರ ಮಾತನ್ನು ಪ್ರಾಮಾಣಿಕವಾಗಿ ವಿವರದ ಖಾನೆಯಲ್ಲಿ ಬರೆದಿದ್ದ. ಯಂತ್ರವೂ ತನ್ನ ಕೆಲಸ ಮಾಡಿತ್ತು: ಅದೇ ನಿಮಿಷ ಚಾನೆಲ್ಲಿನಲ್ಲಿ ಸಾರಿತ್ತು, "ಗಿರಾಕಿಯ ದಾಖಲೆ ತಿದ್ದಲಾಗಿದೆ" ಎಂದು. ಮೇಲೆ ಎಪ್ಪತ್ತು, ಕೆಳಗೆ ಎಪ್ಪತ್ತು ಅಂಥವೇ ಸಾಲುಗಳು. ಯಾರೂ ನೋಡಿರಲಿಲ್ಲ. ಅವಳೂ ನೋಡಿರಲಿಲ್ಲ, ಏಕೆಂದರೆ ಆ ಚಾನೆಲ್ಲಿನ ಬಾಯಿ ಮುಚ್ಚಿಸಿದವರಲ್ಲಿ ಮೊದಲನೆಯವಳು ಅವಳೇ. ಉಳಿದವರು ಅವಳನ್ನು ನೋಡಿಯೇ ಆ ಉಪಾಯ ಕಲಿತಿದ್ದರು. ಇದನ್ನು ಅವಳು ಒಡೆಯರ ಮುಂದೆ ಹೇಳಲು ಎರಡು ದಿನ ಬೇಕಾಯಿತು. ಹೇಳದೆಯೇ ಇರಬಹುದಿತ್ತು, ಯಾರು ಯಾವಾಗ ಬಾಯಿ ಮುಚ್ಚಿಸಿದರೆಂದು ಸ್ಲ್ಯಾಕ್ ಯಾರಿಗೂ ಸಾರುವುದಿಲ್ಲ.

ಒಡೆಯರು ಬೈಯಲಿಲ್ಲ. ಟೆಂಪೋ ಕಳಿಸಿ ಕೆಂಪು ಮಾಲನ್ನೆಲ್ಲ ಹಿಂದಕ್ಕೆ ತರಿಸಿದರು, ದುಡ್ಡು ಮುಟ್ಟಿಸಿದರು. ಇಂಡಿಯ ಹಿರಿಯರು ಎಲ್ಲವನ್ನೂ ಒಪ್ಪಿಕೊಂಡರು. ಆ ಹಂಗಾಮಿನಲ್ಲಿ ಇನ್ನೊಂದು ಡಜನ್ನನ್ನೂ ಕೇಳಲಿಲ್ಲ. ಒಡೆಯರು ಅವಳಿಗೆ ಹೇಳಿದ್ದಿಷ್ಟೇ: "ದಿವಾಣಜಿಯ ತಕರಾರು ವಹಿ ಮಾಳಿಗೆಯ ಮೇಲೆ ಇರಬೇಕು, ಒಮ್ಮೆ ನೋಡು."

ಕೆಂಪು ಬಟ್ಟೆಯ ರಟ್ಟಿನ, ಉದ್ದಕ್ಕೆ ತೆರೆಯುವ ವಹಿ. ನಿವೃತ್ತರಾಗಿ ಬಹಳ ವರ್ಷಗಳಾದ ದಿವಾಣಜಿ ಮೋಡಿಯ ಅಭ್ಯಾಸವಿದ್ದವರು. ವಹಿಯ ಮರಾಠಿ ಬಾಲಬೋಧ ಲಿಪಿಯಲ್ಲಿದ್ದರೂ ಕೈ ಓಡಿದ್ದು ಮೋಡಿಯ ಚಾಳಿಯಲ್ಲಿ. ಪ್ರತಿ ಪುಟದಲ್ಲಿ ಆರು ಖಾನೆಗಳು: ತಾರೀಖು, ಊರು, ಯಾರು, ಏನು, ಯಾರಿಗೆ ಹೇಳಿದ್ದು, ಕಡೆಯದು 'ಪೋಹೋಚಲೆ'. ಮುಟ್ಟಿತು ಎಂದರ್ಥ. ಹೇಳಿದ್ದು ಬೇರೆ, ಮುಟ್ಟಿದ್ದು ಬೇರೆ ಎಂದು ಖಾನೆಗಳನ್ನೇ ಬೇರೆ ಮಾಡಿದ್ದ ಆ ಮನುಷ್ಯನ ಬುದ್ಧಿಗೆ ಅವಳು ಬೆರಗಾದಳು. ಕೆಲವು ಸಾಲುಗಳಲ್ಲಿ ಐದನೆಯ ಖಾನೆ ತುಂಬಿ ಆರನೆಯದು ಬರಿದಾಗಿತ್ತು. ಅಂಥ ಸಾಲುಗಳ ಅಂಚಿನಲ್ಲಿ ಬೇರೆ ಶಾಯಿಯ ಒಂದು ಚಿಕ್ಕೆ. ಎರಡನೆಯ ಸಲ ಹೇಳಿದ್ದರ ಗುರುತು.

ಕನ್ನಡದಲ್ಲಿಯೂ ಪತ್ರ ಬರುವುದಿಲ್ಲ, ಮುಟ್ಟುತ್ತದೆ. ವೆಬ್‌ಹುಕ್ಕಿಗೆ ಈ ಭೇದ ತಿಳಿಯದು. ಸುದ್ದಿಯನ್ನು ಒಯ್ದುಹಾಕಿದ ಮೇಲೆ ಸ್ಲ್ಯಾಕ್ 'ಓಕೆ' ಎಂಬೆರಡು ಅಕ್ಷರಗಳನ್ನು ತಿರುಗಿ ಕಳಿಸುತ್ತದೆ. ಅದರ ಅರ್ಥ ಸ್ಲ್ಯಾಕಿಗೆ ಸೇರಿತು ಎಂದಷ್ಟೇ, ಮನುಷ್ಯನಿಗೆ ಮುಟ್ಟಿತೆಂದಲ್ಲ. ಹನ್ನೊಂದು ದಿನಗಳ ಹಿಂದೆಯೂ ಯಂತ್ರಕ್ಕೆ 'ಓಕೆ' ಬಂದಿತ್ತು.

ಅವಳು ಹಳೆಯ ನಿಯಮಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯಲು ಕುಳಿತಳು. ಈ ಸಲ ಯಂತ್ರವನ್ನು ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಂಡಳು. ಯಾವ ಸುದ್ದಿ ಕೇಳಿದ ಕೂಡಲೇ ಒಬ್ಬರು ಎದ್ದು ಏನಾದರೂ ಮಾಡಬೇಕಾಗುತ್ತದೆಯೋ ಅದಕ್ಕೆ ಮಾತ್ರ ದವಂಡಿ. ಹೊಸ ವಿಚಾರಣೆ, ದೊಡ್ಡ ಬೇಡಿಕೆಯ ರದ್ದತಿ, ತಕರಾರು: ಈ ಮೂರೇ ಉಳಿದವು. ಫೋನ್ ಸಂಖ್ಯೆ ಬದಲಾದದ್ದು, ವಿಳಾಸ ತಿದ್ದಿದ್ದು ವಹಿಯಲ್ಲಿದ್ದರೆ ಸಾಕು. ತಕರಾರನ್ನು ವಿವರದ ಖಾನೆಯಲ್ಲಿ ಬರೆಯುವ ಬದಲು ಅದಕ್ಕೆಂದೇ ಇರುವ ಕೇಸ್ ಎಂಬ ವಿಭಾಗದಲ್ಲಿ ದಾಖಲಿಸಬೇಕೆಂದು ಹುಡುಗರಿಗೆ ತಿಳಿಸಿದಳು. ಅದರ ಸುದ್ದಿಗೆ ಬೇರೆಯೇ ಚಾನೆಲ್ಲು ಮಾಡಿದಳು. ಒಳಬರುವ ವೆಬ್‌ಹುಕ್ಕಿನ ಒಂದು ವಿಳಾಸ ಒಂದೇ ಚಾನೆಲ್ಲಿಗೆ ಸೇರಿರುತ್ತದೆಯಾದ್ದರಿಂದ ಇದಕ್ಕೂ ಬೇರೆ ವಿಳಾಸ ಬೇಕಾಯಿತು. ಸುದ್ದಿ ಕಂಡವರು ಅದರ ಕೆಳಗೆ ಕಣ್ಣಿನ ಚಿತ್ರವನ್ನೊತ್ತಬೇಕು, ಕೆಲಸ ಮುಗಿಸಿದವರು ಸರಿ ಗುರುತನ್ನೊತ್ತಿ ಕೇಸಿನ ಸ್ಥಿತಿಯನ್ನೂ ಬದಲಿಸಬೇಕು. ನಾಲ್ಕು ತಾಸು ಕಳೆದರೂ ಸ್ಥಿತಿ 'ಹೊಸದು' ಎಂದೇ ಇದ್ದರೆ ಎರಡನೆಯ ನಿಯಮ ಎಚ್ಚತ್ತು ಒಡೆಯರನ್ನೇ ಹೆಸರಿಡಿದು ಕರೆಯುತ್ತದೆ. ದಿವಾಣಜಿಯ ಬೇರೆ ಶಾಯಿಯ ಚಿಕ್ಕೆ ಹೀಗೆ ಯಂತ್ರವನ್ನು ಹೊಕ್ಕಿತು.

ಇದಿಷ್ಟೂ ಒಂದು ಮಧ್ಯಾಹ್ನದ ಕೆಲಸ. ಮೂರನೆಯ ಸಂಗತಿ, ಅಂದರೆ ಪಾಟಕರಿ ಬಂದು ಏನನ್ನಬೇಕು ಎಂಬುದು, ಒಂದು ವಾರ ತೆಗೆದುಕೊಂಡಿತು. ಐಚ್ಛಿಕದ ವಿದ್ಯಾರ್ಥಿಗಳು ಗಮನಿಸಬೇಕಾದ ಭಾಗವೂ ಇದೇ.

ಯಂತ್ರದ ವಾಕ್ಯ ಅಚ್ಚಿನಂತೆ. ನಡುವೆ ಖಾಲಿ ಜಾಗಗಳನ್ನು ಬಿಟ್ಟಿರುತ್ತಾರೆ. ಊರಿನ ಹೆಸರು, ಗಿರಾಕಿಯ ಹೆಸರು ದಾಖಲೆಯಿಂದ ಬಂದು ಅಲ್ಲಿ ಕೂಡುತ್ತವೆ. ಇಂಗ್ಲಿಷಿಗೆ ಇದರಿಂದ ತೊಂದರೆಯಿಲ್ಲ. ಊರು ಯಾವುದಾದರೂ ಅದರ ಹಿಂದಿನ ಪದ ಅದೇ. ಅವಳು ಕನ್ನಡದಲ್ಲಿ ಖಾಲಿ ಜಾಗದ ಮುಂದೆ 'ಇಂದ' ಎಂದು ಬರೆದಳು. ಮೊದಲ ಪರೀಕ್ಷೆಯಲ್ಲಿ "ಇಂಡಿಇಂದ" ಎಂದು ಬಂದಿತು, ಎರಡನೆಯದರಲ್ಲಿ "ಆಳಂದಇಂದ". ಇಂಡಿಗೆ ಯಕಾರ ಬೇಕು, ಆಳಂದಕ್ಕೆ ದಕಾರ ಬೇಕು. ಯಾವ ಸ್ವರದ ಮುಂದೆ ಯಾವ ಆಗಮವೆಂದು ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಸಂಧಿಪ್ರಕರಣವನ್ನು ಬರೆದಿಟ್ಟಿದ್ದಾನೆ. ಝೋಹೋ ಅದನ್ನು ಓದಿಲ್ಲ. ಮರಾಠಿಯೂ ಅವಳ ಕೈಹಿಡಿಯಲಿಲ್ಲ. 'ಹೂನ' ಎಂದು ಹಚ್ಚಿದರೆ "ಇಂಡೀಹೂನ" ಸರಿಯಾಯಿತು, ಪುಣೆ ಮಾತ್ರ "ಪುಣೇಹೂನ" ಎಂದಾಯಿತು. ಅದು "ಪುಣ್ಯಾಹೂನ" ಆಗಬೇಕು. ಪುಣೆಯ ದಲ್ಲಾಳಿಗಳ ಕಣ್ಣಿಗೆ ಇದು ಬಿದ್ದರೆ ನಗೆಪಾಟಲು.

ಬೇರೆ ಯಾರಾದರೂ ಆಗಿದ್ದರೆ ಭಾಷೆಯನ್ನೇ ಕೈಬಿಟ್ಟು ಇಂಗ್ಲಿಷಿಗೆ ಹೋಗುತ್ತಿದ್ದರು. ಅವಳು ಯೋಚಿಸಿ ಒಂದು ದಾರಿ ಕಂಡಳು. ವಿಭಕ್ತಿಯನ್ನು ಹೊರುವ ಭಾರವನ್ನು ಬದಲಾಗುವ ಹೆಸರಿನ ಮೇಲೆ ಹೇರದೆ, ಅದರ ಮುಂದೆ ಬದಲಾಗದ ಒಂದು ನಾಮಪದವನ್ನು ನಿಲ್ಲಿಸಿದಳು. "ಇಂಡಿ ಊರಿನಿಂದ", "ಆಳಂದ ಊರಿನಿಂದ". ಜನರ ಹೆಸರಿಗೆ 'ಅವರಿಂದ'. ಹೆಸರು ಏನೇ ಬರಲಿ, ಪ್ರತ್ಯಯ ಹತ್ತುವುದು 'ಊರು', 'ಅವರು' ಎಂಬ ಪದಗಳಿಗೆ. ಅಂಕಿತನಾಮದ ಮುಂದೆ ರೂಢನಾಮವನ್ನಿಟ್ಟು ವಿಭಕ್ತಿಯನ್ನು ಅದಕ್ಕೆ ಹಚ್ಚುವ ಈ ಕ್ರಮ ಕನ್ನಡಕ್ಕೆ ಹೊಸದೇನಲ್ಲ. ಶಾಸನ ಬರೆದವರು ಊರುಗಳ ಹೆಸರಿನ ಮುಂದೆ 'ಗ್ರಾಮ' ಎಂದು ಸೇರಿಸಿ ವಿಭಕ್ತಿಯನ್ನು ಅದಕ್ಕೆ ಹಚ್ಚುತ್ತಿದ್ದುದೂ ಹೀಗೆಯೇ.

ಕ್ರಿಯಾಪದದಲ್ಲಿ ಇನ್ನೊಂದು ತೊಡಕು. ತಕರಾರು ಹೇಳಿದವರು ಗಂಡಸೋ ಹೆಂಗಸೋ ಯಂತ್ರಕ್ಕೆ ಗೊತ್ತಿಲ್ಲ. ಕನ್ನಡದಲ್ಲಿ 'ಹೇಳಿದ್ದಾರೆ' ಎಂದರೆ ಗೌರವವೂ ಸಂದಿತು, ಲಿಂಗದ ಪ್ರಶ್ನೆಯೂ ತೀರಿತು. ಮರಾಠಿಯಲ್ಲಿ ಗೌರವಕ್ಕೂ ಲಿಂಗಭೇದವುಂಟು. ಗಂಡಸಾದರೆ 'ಮ್ಹಣಾಲೇ', ಹೆಂಗಸಾದರೆ 'ಮ್ಹಣಾಲ್ಯಾ'. ಅಲ್ಲಿ ಅವಳು ಕ್ರಿಯಾಪದವನ್ನೇ ತೆಗೆದು 'ಯಾಂಚೆ ಮ್ಹಣಣೆ' ಎಂದಳು. ಇವರ ಹೇಳಿಕೆ ಎಂಬಂತೆ. ಎರಡು ಭಾಷೆಗಳ ಶಾಲೆಯಲ್ಲಿ ಓದಿದವರಿಗೆ ಇಂಥ ಕಡೆ ಒಂದು ಗುಟ್ಟಾದ ಸಂತೋಷವಿರುತ್ತದೆ. ಅದನ್ನು ಸಂಬಳದ ಚೀಟಿಯಲ್ಲಿ ಯಾರೂ ನಮೂದಿಸುವುದಿಲ್ಲ.

ಸುದ್ದಿ ಯಾವ ಭಾಷೆಯಲ್ಲಿರಬೇಕು ಎಂಬುದು ಕಡೆಯ ಪ್ರಶ್ನೆ, ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಪೇಢಿಯ ಹದಿನಾಲ್ಕು ಜನರಲ್ಲಿ ಕನ್ನಡ ತಿಳಿಯದವರು ಒಬ್ಬಿಬ್ಬರು ಮಾತ್ರ. ಕನ್ನಡ ಓದಬಲ್ಲವರು ಮೂವರು ಮಾತ್ರ. ಕಿವಿಯಲ್ಲಿ ಕನ್ನಡ, ಕಣ್ಣಿನಲ್ಲಿ ದೇವನಾಗರಿ. ಗಡಿನಾಡಿನ ಮಕ್ಕಳ ಪಾಡೇ ಇದು. ಅವಳು ಮೊದಲ ಸಾಲನ್ನು ಮರಾಠಿಯಲ್ಲಿ ಬರೆದಳು: ಊರು, ಮಾಲು, ಇಂದೇ ಮಾಡಬೇಕಾದ ಕೆಲಸ. ಅದರ ಕೆಳಗೆ ಗಿರಾಕಿ ಆಡಿದ ಮಾತು, ಅವರು ಯಾವ ಭಾಷೆಯಲ್ಲಿ ಆಡಿದರೋ ಅದೇ ಭಾಷೆಯಲ್ಲಿ, ಒಂದಕ್ಷರ ತಿದ್ದದೆ.

"ಎರಡೆರಡು ಸಲ ಯಾಕೆ? ಮೇಲಿನ ಸಾಲು ಸಾಕಲ್ಲ" ಎಂದು ಮಾರಾಟದ ಮುಖ್ಯಸ್ಥರು ಮರಾಠಿಯಲ್ಲಿ ಆಕ್ಷೇಪಿಸಿದರು. ಅವರು ಕೆಟ್ಟವರಲ್ಲ, ಚಿಕ್ಕದಾಗಿದ್ದಷ್ಟು ಬೇಗ ಓದುತ್ತಾರೆ ಎಂಬುದು ಅವರ ವಾದ, ಆ ವಾದದಲ್ಲಿ ಹುರುಳೂ ಇತ್ತು. ಅವಳು ಇಂಡಿಯ ಹಿರಿಯರ ಮಾತನ್ನೇ ಉದಾಹರಣೆಯಾಗಿ ಮುಂದಿಟ್ಟಳು. ಮರಾಠಿಯಲ್ಲಿ 'ರಂಗ ಜಾತೋ', ಬಣ್ಣ ಹೋಗುತ್ತದೆ. ಹಾಗೆಂದರೆ ಟವೆಲ್ಲು ಮಾಸಿತೆಂದೂ ತಿಳಿಯಬಹುದು. ಕನ್ನಡದಲ್ಲಿ ಬಟ್ಟೆ ಬಣ್ಣ 'ಬಿಡುತ್ತದೆ'. ಬಿಟ್ಟದ್ದು ಎಲ್ಲಿಯಾದರೂ ಹತ್ತಿಕೊಳ್ಳಬೇಕು. ಬೀಗರ ಧೋತರಕ್ಕೆ ಹತ್ತಿತು ಎಂಬ ಮಾತು ಮೇಲಿನ ಸಾಲಿನಲ್ಲಿ ಬರುವುದಿಲ್ಲ, ಬಾರದಿದ್ದರೆ ಆ ಮನುಷ್ಯನ ಮಾನ ಎಲ್ಲಿ ಹೋಯಿತೆಂಬುದು ಪೇಢಿಗೆ ತಿಳಿಯುವುದಿಲ್ಲ. ಮುಖ್ಯಸ್ಥರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ, ಆದರೆ ನನಗೆ ಓದಲು ಬರುವುದಿಲ್ಲ. ನೀ ಓದಿ ಹೇಳಬೇಕು" ಎಂದರು. ಅಂದಿನಿಂದ ಅವಳ ಕುರ್ಚಿಯ ಬಳಿ ಮೊಬೈಲು ಹಿಡಿದುಕೊಂಡು ಬರುವವರು ಹೆಚ್ಚಾದರು. ಇದರಿಂದ ಅವಳ ಲೆಕ್ಕದ ಕೆಲಸ ಹಿಂದುಳಿಯುತ್ತದೆ. ಆ ಬಗ್ಗೆ ಅವಳಿಗೆ ಬೇಸರವೂ ಇದೆ.

ಹಳೆಯ ದಾಖಲೆಗಳ ಕಥೆ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಹಿಂದೊಮ್ಮೆ ಯಾರೋ ಕನ್ನಡದ ಟಿಪ್ಪಣಿಗಳಿದ್ದ ಯಾದಿಯನ್ನು ಎಕ್ಸೆಲ್ಲಿನಲ್ಲಿ ತೆರೆದು, ಯುಟಿಎಫ್-8 ಎಂದು ಆರಿಸದೆ ಸಾಮಾನ್ಯ ಸಿಎಸ್‌ವಿಯಾಗಿ ಉಳಿಸಿಬಿಟ್ಟಿದ್ದರು. ಹಾಗೆ ಮಾಡಿದರೆ ಕನ್ನಡದ ಪ್ರತಿಯೊಂದು ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಯುತ್ತದೆ. ಆ ಪ್ರಶ್ನೆಗಳಿಗೆ ಉತ್ತರವಿಲ್ಲ. ಅಕ್ಷರ ಹೋದದ್ದು ಹೋಯಿತು. ಇನ್ನು ಕೆಲವು ಟಿಪ್ಪಣಿಗಳು ಯುನಿಕೋಡಿಗೆ ಮುಂಚಿನ ಫಾಂಟುಗಳಲ್ಲಿದ್ದವು. ಅವು ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ಕಂಡರೂ ಪರಿವರ್ತಕಕ್ಕೆ ಹಾಕಿದಾಗ ಜೀವ ಪಡೆದವು. ಯಾವ ಗಿರಾಕಿಗೆ ಯಾವ ಅಂಚು ಇಷ್ಟ, ಯಾರಿಗೆ ಅಮಾವಾಸ್ಯೆಯ ದಿನ ಮಾಲು ಕಳಿಸಬಾರದು ಎಂಬಂಥ ಸಣ್ಣ ಸಂಗತಿಗಳು ಅವುಗಳಲ್ಲಿದ್ದವು.

ಹೊಸ ವ್ಯವಸ್ಥೆಗೆ ಒಂದು ಹೆಸರಿಡಬೇಕಾಯಿತು. ಚಾನೆಲ್ಲಿನಲ್ಲಿ ಸುದ್ದಿಯ ತಲೆಯ ಮೇಲೆ ಆ ಹೆಸರೇ ಕಾಣುತ್ತದೆ. ಅಧಿಸೂಚನೆ ಎಂದರೆ ಸರಕಾರದ ರಾಜ್ಯಪತ್ರದ ವಾಸನೆ. ನಿರೋಪ ಎಂದು ಒಬ್ಬರು ಸೂಚಿಸಿದರು. ಮರಾಠಿಯಲ್ಲಿ ಅದು ಹೇಳಿಕಳಿಸಿದ ಮಾತು, ಬೀಳ್ಕೊಡುಗೆಯೂ ಹೌದು. ಹಳೆಯ ಕನ್ನಡದ ದಾಖಲೆಗಳಲ್ಲಿ ನಿರೂಪವೆಂದರೆ ದೊರೆಯ ಆಜ್ಞೆ. ಎರಡೂ ಆಗುವುದಿಲ್ಲವೆಂದು, ಕಡೆಗೆ ಎರಡೂ ಭಾಷೆಗಳವರಿಗೆ ತಿಳಿಯುವ ದವಂಡಿ ಎಂಬುದನ್ನೇ ಇಟ್ಟರು. ಚಿತ್ರದ ಜಾಗದಲ್ಲಿ ಒಂದು ಹಲಗೆ.

ಈಗ ದಿನಕ್ಕೆ ಐದಾರು ಸಲ ದವಂಡಿ ಬರುತ್ತದೆ. ಕೆಲವು ದಿನ ಒಂದೂ ಬರುವುದಿಲ್ಲ. ಬಂದರೆ ಜನ ಕತ್ತೆತ್ತಿ ನೋಡುತ್ತಾರೆ. ಕಣ್ಣಿನ ಚಿತ್ರವನ್ನೊತ್ತಿ ಸುಮ್ಮನಾಗುವ ಸೋಮಾರಿಗಳು ಇದ್ದೇ ಇದ್ದಾರೆ. ನಾಲ್ಕು ತಾಸಿನ ನಿಯಮ ಅವರನ್ನು ಎರಡು ಸಲ ಒಡೆಯರ ಮುಂದೆ ನಿಲ್ಲಿಸಿದೆ. ಅವಳು ಈಗ ಯಾವ ಚಾನೆಲ್ಲಿನ ಬಾಯಿಯನ್ನೂ ಮುಚ್ಚಿಸುವುದಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಮೊಬೈಲು ಸದ್ದು ಮಾಡಿದರೆ ಎದೆ ಧಸಕ್ಕೆನ್ನುತ್ತದೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದಾಳೆ. ಹೀಗಾದರೆ ಆರೋಗ್ಯ ಕೆಡುತ್ತದೆಂದು ಅಜ್ಜಿಗೆ ಚಿಂತೆ.

ಈ ವರ್ಷ ತುಳಸಿ ಲಗ್ನಕ್ಕೆ ಎರಡು ದಿನ ಮೊದಲು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹಲಗೆಯ ಚಿತ್ರ ಮೂಡಿತು. ಮೇಲಿನ ಸಾಲು ಮರಾಠಿಯಲ್ಲಿ: ಇಂಡಿ, ಹೊಸ ವಿಚಾರಣೆ, ಇಂದೇ ಫೋನು. ಮಾರಾಟದ ಮುಖ್ಯಸ್ಥರು ಊಟ ಬಿಟ್ಟು ಎಡಗೈಯಲ್ಲಿ ಮೊಬೈಲು ಹಿಡಿದು ಅವಳ ಡಬ್ಬಿಯ ಬಳಿಗೆ ಬಂದರು. ಅವಳು ಕೆಳಗಿನ ಸಾಲನ್ನು ದೊಡ್ಡದಾಗಿ ಓದಿದಳು:

"ಮುನ್ನೂರು ಕಳಸ್ರಿ. ಕೆಂಪು ಬ್ಯಾಡ, ಬಿಳೀವು."